ಹುಳದ ಮನೆಯ ಬಾಗಿಲಲ್ಲಿ ನನ್ನ ಎರಡು ಕೈ

ತಮ್ಮನ ಹೆಂಡತಿ ಮಡಕಶಿರದಿಂದ ಫೋನ್ ಮಾಡಿದಾಗ ನಾನು ರಾಯದುರ್ಗದ ಮನೆಯಲ್ಲಿ ಕೆಲಸಕ್ಕೆ ಹೊರಡಲು ಬುತ್ತಿ ಕಟ್ಟಿಕೊಳ್ಳುತ್ತಿದ್ದೆ. ಊಟ ಆಯಿತಾ, ಮಕ್ಕಳು ಹೇಗಿದ್ದಾರೆ, ಆ ಪೀಠಿಕೆ ಯಾವುದೂ ಇಲ್ಲ.

"ಅಕ್ಕ, ನಾಡಿದ್ದಿಗೆ ಹುಳ ಹಣ್ಣಾಗ್ತವೆ. ಕೈ ಎಂಗವೆ?"

"ನನ್ನ ಇಚಾರ್ಸಕ್ಕೆ ಫೋನ್ ಮಾಡಿದ್ಯೋ, ಕೈ ಇಚಾರ್ಸಕ್ಕೋ?"

"ನೀನು ಚೆನ್ನಾಗೇ ಇರ್ತೀಯ ಬಿಡಕ್ಕ. ಕೈ ಹೇಳು."

ಚೆನ್ನಾಗಿವೆ ಅಂದೆ. ಫೋಟೋ ಕಳ್ಸು ಅಂದಳು. ಎರಡೂ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲೊಂದು ಕೆಳಗೊಂದು ಫೋಟೋ ತೆಗೆದು ಕಳಿಸಿದೆ. ನೋಡಿದಳು. ನಾನು ಬುತ್ತಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದೆ. ಕೊನೆಗೆ ಒಂದೇ ಮಾತು ಬಂತು: "ಬಾ, ನೋಡಾನ."

ಬಾ ಅಂದಳಲ್ಲ, ಅಷ್ಟು ಸಾಕು. ನಾನು ಅಡುಗೆಮನೆಯಲ್ಲಿ ನಿಂತಲ್ಲೇ ಒಂದು ಸುತ್ತು ತಿರುಗಿದೆ. ನಲವತ್ತಾರರ ಹೆಂಗಸು ಹೀಗೆ ತಿರುಗುವುದನ್ನು ಕಂಡು ಗಂಡ ಹಲ್ಲುಜ್ಜುವುದನ್ನು ನಿಲ್ಲಿಸಿದರು.

"ಯಾಕ, ಏನಾತು? ಲಾಟರಿ ಹತ್ತೇತೇನು?"

"ಹುಳ ಆಯಾಕ ಕರದಾರ," ಅಂದೆ.

ಹುಳ ಆಯುವುದಕ್ಕೆ ಇಷ್ಟು ಕುಣಿತವೇ ಅಂತ ನಿಮಗೂ ಅನ್ನಿಸಬಹುದು. ಫೋನಿನಲ್ಲಿ ನನ್ನ ಬರಹ ಓದುವವರಿಗೆ ಗೊತ್ತು, ನಾನು ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನನ್ನ ತವರು ಮಡಕಶಿರದ ಪಕ್ಕದ ಹಳ್ಳಿ. ರೇಷ್ಮೆ ಹುಳ ಸಾಕುವ ಮನೆ. ಈ ಹುಳ ಮೂರೂವರೆ ವಾರ ಸೊಪ್ಪು ತಿಂದು ತಿಂದು, ಒಂದು ದಿನ ಇದ್ದಕ್ಕಿದ್ದಂತೆ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಗಾಜಿನ ಹಾಗೆ ತಿಳಿಯಾಗುತ್ತದೆ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದನ್ನೇ ನಾವು ಹಣ್ಣಾಯಿತು ಅನ್ನುವುದು. ಹಣ್ಣಾದ ಹುಳವನ್ನು ಒಂದೊಂದಾಗಿ ಕೈಯಿಂದ ಆಯ್ದು, ಸುರುಳಿ ಸುರುಳಿಯಾಗಿ ಬಿದಿರು ಹೆಣೆದ ಚಂದ್ರಂಕಿಯ ಮೇಲೆ ಬಿಡಬೇಕು. ತಡವಾದರೆ ಅದು ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಸಾವಿರಾರು ಹುಳ ಎರಡೇ ದಿನದಲ್ಲಿ ಹಣ್ಣಾಗುವುದರಿಂದ ಒಂದು ಮನೆಯವರ ಕೈ ಸಾಲದು. ಅಕ್ಕಪಕ್ಕದ ಹೆಂಗಸರು ಮುಯ್ಯಿಗೆ ಬರುತ್ತಾರೆ: ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು.

ನಮ್ಮ ಮನೆಯ ಸಾಲಿನಲ್ಲಿ ಮೊದಲ ತಟ್ಟೆ ಅಮ್ಮನದು. ಅವಳ ಮಂಡಿ ಸೋತ ಮೇಲೆ ಅದು ನನ್ನದಾಯಿತು. ಪ್ರತಿ ಬೆಳೆಗೂ ರಾಯದುರ್ಗದಿಂದ ರಜ ಹಾಕಿ ಹೋಗುತ್ತಿದ್ದೆ. ಹುಳ ಆಯುವುದರಲ್ಲಿ ನನ್ನ ಕೈ ಬಲು ಚುರುಕು. ಇದನ್ನು ವಿನಯದಿಂದ ಹೇಳುವ ವಿಧಾನ ನನಗೆ ಗೊತ್ತಿಲ್ಲ. ಪಕ್ಕದವಳು ಒಂದು ತಟ್ಟೆ ಮುಗಿಸುವಷ್ಟರಲ್ಲಿ ನಾನು ಎರಡನೆಯದರ ಅರ್ಧದಲ್ಲಿ ಇರುತ್ತಿದ್ದೆ. ಬಾಯಿ ಬೇರೆ ನಿಲ್ಲುತ್ತಿರಲಿಲ್ಲ. ಊರಿನ ಅಷ್ಟೂ ಸುದ್ದಿ ನನಗೆ ಸಿಗುತ್ತಿದ್ದದ್ದು ಆ ಸಾಲಿನಲ್ಲೇ.

ಒಂದೂವರೆ ವರ್ಷದ ಹಿಂದೆ ಕೈ ಕೆಟ್ಟಿತು. ಮೊದಲು ಬೆರಳ ಸಂದಿಯಲ್ಲಿ ಸಾಸಿವೆಯಷ್ಟು ಚಿಕ್ಕ ನೀರುಗುಳ್ಳೆ. ತುರಿಕೆ ಅಂದರೆ ಎಂಥಾ ತುರಿಕೆ, ಬಾಚಣಿಗೆಯ ಹಲ್ಲಿನಿಂದ ಕೆರೆದುಕೊಂಡಿದ್ದೇನೆ. ಆಮೇಲೆ ಚರ್ಮ ಒಣಗಿ, ದಪ್ಪವಾಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಯಿತು. ಸಾರಿಗೆ ಹುಣಸೆಹಣ್ಣು ಹಿಂಡಿದರೆ ಕಣ್ಣಲ್ಲಿ ನೀರು. ರಾಯದುರ್ಗದಲ್ಲಿ ನಾನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಪ್ಯಾಂಟಿಗೆ ಸೊಂಟದ ಪಟ್ಟಿ ಕೂಡಿಸುತ್ತೇನೆ. ಹೊಸ ಬಟ್ಟೆ ಬಣ್ಣ ಬಿಡುತ್ತದೆ, ಬಿರುಕಿನೊಳಗೆಲ್ಲ ನೀಲಿ ಇಳಿಯುತ್ತಿತ್ತು. ಕೈ ನೋಡಿದರೆ ನಕಾಶೆಯಲ್ಲಿ ಹೊಳೆ ಬರೆದ ಹಾಗೆ.

ಪಕ್ಕದ ಹೊಲಿಗೆ ಮಿಶನ್ನಿನವಳು ಒಳ್ಳೆಯ ಹೆಂಗಸೇ. ಆದರೂ ಒಂದು ದಿನ ಮೆಲ್ಲಗೆ ಹೇಳಿದಳು, "ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಕತ್ರಿ ನೀವ ಇಟ್ಕೋರಿ, ನಂದು ನಾನು ಇಟ್ಕೋತೀನಿ."

"ಇಷ್ಟ ದಿನ ಒಂದ ಕತ್ರಿ ನಡೀತಿತ್ತಲ್ಲ?"

"ಮನ್ಯಾಗ ಸಣ್ಣ ಕೂಸು ಐತ್ರಿ, ಗಜ್ಜಿ ಹತ್ತಿದ್ರ ಏನ್ ಮಾಡ್ಲಿ?"

ಗಜ್ಜಿ. ಕನ್ನಡಕ್ಕೂ ತೆಲುಗಿಗೂ ಒಂದೇ ಪದ, ಎರಡು ಭಾಷೆಯಲ್ಲೂ ಅಷ್ಟೇ ಹೊಲಸು. ನಾನು ಕತ್ತರಿ ಈಚೆಗೆ ಎಳೆದುಕೊಂಡೆ.

ಬುದ್ಧಿ ಕೆಟ್ಟು ಕೈಯ ಫೋಟೋ ಫೋನಿನಲ್ಲಿ ಹಾಕಿದೆ. ಅಬ್ಬಬ್ಬಾ, ಊರಿಗೂರೇ ವೈದ್ಯರು. ಬೇವಿನ ಸೊಪ್ಪು ಅರೆದು ಹಚ್ಚಿ ಅಂದರು, ಬದನೆಕಾಯಿ ಬಿಡಿ ಅಂದರು, ಯಾರದೋ ದೃಷ್ಟಿ ಅಂದರು. ಒಬ್ಬರು ಬ್ಯಾಟರಿ ನೀರು ಅಂತಲೂ ಬರೆದರು. ಅವರನ್ನು ಅಲ್ಲೇ ಬ್ಲಾಕ್ ಮಾಡಿದೆ. ಔಷಧಿ ಅಂಗಡಿಗೆ ಹೋಗಿ ಕೈ ತೋರಿಸಿದರೆ ಅಲ್ಲಿದ್ದವನು ಚೀಟಿ ಗೀಟಿ ಕೇಳದೆ ಒಂದು ಟ್ಯೂಬು ಕೊಟ್ಟ. ಹಚ್ಚಿದ ನಾಲ್ಕನೇ ದಿನಕ್ಕೆ ಕೈ ಮದುವಣಗಿತ್ತಿಯ ಕೈ. ಕುಣಿದಾಡಿಬಿಟ್ಟೆ. ನಿಲ್ಲಿಸಿದ ವಾರಕ್ಕೆ ಎಲ್ಲ ವಾಪಸ್ಸು, ಜೊತೆಗೆ ಮಣಿಕಟ್ಟಿನ ತನಕ ಹೊಸ ಜಾಗಗಳು. ಮತ್ತೆ ಹಚ್ಚಿದೆ, ಮತ್ತೆ ಹೋಯಿತು, ಮತ್ತೆ ಬಂತು. ನಾಲ್ಕು ಟ್ಯೂಬು ಹಾಗೇ ಖಾಲಿಯಾದವು.

ಆಗ ನನಗೊಂದು ಮಹಾ ಯೋಚನೆ ಹೊಳೆಯಿತು. ರೇಷ್ಮೆ ಮನೆಯಲ್ಲಿ ಹುಟ್ಟಿದವಳಿಗೆ ಮಾತ್ರ ಹೊಳೆಯುವಂಥದ್ದು.

ನಮ್ಮ ಹುಳದ ಮನೆಯ ಬಾಗಿಲಲ್ಲಿ ಒಂದು ಬೇಸಿನ್ ಇರುತ್ತದೆ, ಅದರಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು. ಯಾರೇ ಬರಲಿ, ಕೈ ಅದ್ದದೆ ಒಳಗೆ ಕಾಲಿಡುವ ಹಾಗಿಲ್ಲ. ಹೊರಗಿನ ರೋಗ ಹುಳಕ್ಕೆ ತಗಲಿದರೆ ಒಂದೇ ವಾರದಲ್ಲಿ ಬೆಳೆ ಪೂರ್ತಿ ಕೊಳೆತು ಹೋಗುತ್ತದೆ. ಹುಳ ಪೊರೆ ಬಿಡುವಾಗ ಮೈಗೆ ತೇವ ತಾಗದಿರಲಿ ಅಂತ ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮೇಲಿಂದ ಉದುರಿಸುತ್ತೇವೆ. ನಡೆಯಲು ಕಲಿತಾಗಿನಿಂದ ಇದನ್ನೇ ನೋಡಿದವಳು ನಾನು. ಅಷ್ಟು ನಾಜೂಕಿನ ಜೀವವನ್ನು ಕಾಯುವ ವಸ್ತು ನನ್ನ ಎರಡು ಕೈ ಕಾಯದೇ?

ತವರಿನಿಂದ ಒಂದು ಡಬ್ಬಿ ಬ್ಲೀಚಿಂಗ್ ಪುಡಿ, ಒಂದು ಗಂಟು ಸುಣ್ಣ ತಂದೆ. ಬೆಳಗ್ಗೆ ಸಂಜೆ ಬಚ್ಚಲಲ್ಲಿ ಕೂತು ಕೈ ಅದ್ದುವುದು, ಒರೆಸಿ ಬೆರಳ ಸಂದಿಗೆ ಸುಣ್ಣ ಉದುರಿಸುವುದು. ಉರಿ ನೆತ್ತಿಗೇರುತ್ತಿತ್ತು. ಉರಿದರೆ ರೋಗ ಸಾಯುತ್ತಿದೆ ಅಂತ ಲೆಕ್ಕ.

ಗಂಡ ಬಾಗಿಲಲ್ಲಿ ನಿಂತು ನೋಡಿದರು. "ಗ್ವಾಡಿಗೆ ಸುಣ್ಣ ಹಚ್ಚೋದು ಕಂಡೀನಿ. ಹೆಂಡ್ತಿ ಕೈಗೆ ಹಚ್ಚಿದ್ದು ಇದ ಮೊದ್ಲು."

"ನಿಮಗ ಹುಳದ ಮನಿ ವಿಷಯ ಏನ್ ಗೊತ್ತು? ಸುಮ್ನಿರ್ರಿ."

"ಸುಮ್ನ ಇರ್ತೀನಿ. ಆದ್ರ ನೀನು ಹುಳ ಅಲ್ಲ," ಅಂದು ಹೋದರು. ಅವತ್ತು ಆ ಮಾತನ್ನು ತಮಾಷೆ ಅಂದುಕೊಂಡೆ.

ಆ ಕೈ ಹೊತ್ತುಕೊಂಡೇ ಬೆಳೆಗೆ ಹೋದೆ. ಹುಳದ ಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ನನ್ನ ಕೈ ನೋಡಿದಳು. ಬೇಸಿನ್ ಮುಂದೆ ಅಡ್ಡ ನಿಂತಳು.

"ಅಕ್ಕ, ನೀನು ಒಳಕ್ಕೆ ಬರಬ್ಯಾಡ."

"ಕೈ ಅದ್ದಿ ಬತ್ತೀನಿ ಕಣೆ."

"ಅದ್ದಿದ್ರೂ ಬ್ಯಾಡ. ಹುಳುಕ್ಕೆ ಏನಾನ ಆದ್ರೆ ನಾನು ಯಾರ್ನ ಕೇಳ್ಲಿ?"

ನಾನು ಈ ಮನೆಯ ಹಿರಿಮಗಳು. ಅವಳು ನನ್ನ ಕೈ ಹಿಡಿದುಕೊಂಡೇ ಈ ಮನೆಯ ಹೊಸಿಲು ದಾಟಿ ಬಂದವಳು. ಕಟ್ಟೆಯ ಮೇಲೆ ಕೂತಿದ್ದ ಅಮ್ಮನ ಕಡೆ ನೋಡಿದೆ. ಅಮ್ಮ ಸೊಪ್ಪಿನ ಕಡ್ಡಿ ಆರಿಸುತ್ತಾ ತಲೆ ಎತ್ತಲಿಲ್ಲ. ಹುಳದ ಮನೆಯ ವಿಷಯದಲ್ಲಿ ಅಮ್ಮನಿಗೆ ಮಗಳು ಸೊಸೆ ಅಂತ ಇಲ್ಲ. ಹುಳ ಮೊದಲು.

ಹೊರಗೆ ಕೂತು ಮುಯ್ಯಿಗೆ ಬಂದವರಿಗೆ ಮುದ್ದೆ ಮಾಡಿದೆ. ಅವರಲ್ಲಿ ಒಬ್ಬಳು ಸಾರು ಅನ್ನ ಉಂಡು, ನಾನು ಕೈಯಲ್ಲಿ ಕಟ್ಟಿದ ಮುದ್ದೆಯನ್ನು ಹಾಗೇ ತಟ್ಟೆಯಲ್ಲಿ ಬಿಟ್ಟು ಎದ್ದಳು. ಒಳಗಿನಿಂದ ನಗು ಕೇಳುತ್ತಿತ್ತು, ಯಾರದೋ ಸುದ್ದಿ, ನನಗೆ ಪೂರ್ತಿ ಕೇಳಲಿಲ್ಲ. ಹೀಗೆ ಮೂರು ಬೆಳೆ ಹೋದವು. ನನಗೆ ಬೇಕಾಗಿದ್ದದ್ದು ಇಷ್ಟೇ: ಆ ಸಾಲಿನಲ್ಲಿ ನನ್ನ ಜಾಗ. ಕೈ ಚಂದ ಕಾಣಬೇಕು ಅಂತಲೂ ಇರಲಿಲ್ಲ.

ಬಳ್ಳಾರಿಯಿಂದ ಭಾನುವಾರ ಬರುವ ಚರ್ಮದ ಡಾಕ್ಟರಮ್ಮನ ಹತ್ತಿರ ನನ್ನನ್ನು ಎಳೆದುಕೊಂಡು ಹೋದವಳು ಅದೇ ಪಕ್ಕದ ಮಿಶನ್ನಿನವಳು. ಕತ್ತರಿ ಬೇರೆ ಮಾಡಿದ ಮೇಲೆ ಅವಳಿಗೂ ನಿದ್ದೆ ಬಂದಿರಲಿಲ್ಲವಂತೆ.

ಡಾಕ್ಟರಮ್ಮ ನನ್ನ ಕೈಯನ್ನು ಬರಿಗೈಯಲ್ಲಿ ಹಿಡಿದುಕೊಂಡರು. ಒಂದು ವರ್ಷದಿಂದ ಯಾರೂ ಹಿಡಿದಿರಲಿಲ್ಲ. ನಾನು ಇನ್ನೊಂದು ಕೈಯನ್ನೂ ಮುಂದೆ ಚಾಚಿದೆ.

"ಗಜ್ಜಿ ಅಲ್ರಿ ಇದು. ಎಕ್ಸಿಮಾ ಅಂತೀವಿ. ಹಿರೇರು ಇಸುಬು ಅಂತಿದ್ರಲ್ಲ, ಅದು. ಇದು ಒಬ್ಬರಿಂದ ಒಬ್ಬರಿಗೆ ಅಂಟಂಗಿಲ್ಲ."

ನಾನು ತಿರುಗಿ ಪಕ್ಕದವಳನ್ನು ನೋಡಿದೆ. ಅವಳು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು.

"ಏನೇನು ಹಚ್ಚೀರಿ ಇಲ್ಲೀತನಕ?"

ಟ್ಯೂಬಿನ ಕಥೆ ಹೇಳಿದೆ. ಹಣೆ ಗಂಟಿಕ್ಕಿದರು. ಅದರಲ್ಲಿ ಇರುವುದು ಜೋರಾದ ಔಷಧಿ, ಎಷ್ಟು ದಿನ, ಎಷ್ಟು ಅಂತ ಹೇಳುವವರಿಲ್ಲದೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟ ಕೂಡಲೇ ರೋಗ ಎದ್ದು ಬರುತ್ತದೆ ಅಂದರು.

"ಕೈ ಯಾವದ್ರಾಗ ತೊಳೀತೀರಿ?"

ಇದಕ್ಕೇ ಕಾಯುತ್ತಿದ್ದೆ. ಬಹುಮಾನ ತಗೊಳ್ಳುವವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಹೇಳಿದೆ, "ಅದ್ರ ಬಗ್ಗೆ ಚಿಂತಿ ಬ್ಯಾಡ್ರಿ. ದಿನಾ ಎರಡ ಸಲ ಬ್ಲೀಚಿಂಗ್ ಪೌಡರ್ ನೀರಾಗ. ಆಮ್ಯಾಲೆ ಸುಣ್ಣ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ, ಈ ಸಲ ದನಿ ಸ್ವಲ್ಪ ಸಣ್ಣದಾಗಿತ್ತು. ಹುಳದ ಮನೆ, ಬೇಸಿನ್, ಅಮ್ಮನ ಕಾನೂನು ಎಲ್ಲ ವಿವರಿಸಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ನನ್ನ ಅಂಗೈಯನ್ನು ಬೆಳಕಿಗೆ ತಿರುಗಿಸಿ ತೋರಿಸಿದರು.

"ನಿಮ್ಮ ಚರ್ಮ ಮೊದ್ಲ ಒಣಾ. ಗ್ವಾಡಿ ಗಾರೆ ಉದುರಿದಂಗ, ಒಳಗಿನ ನೀರು ಹೊರಗ ಹೋಗ್ತದ, ಹೊರಗಿನ ಬಣ್ಣ, ಸೋಪು ಒಳಗ ಬರ್ತದ. ಇದಕ್ಕ ಜಿಡ್ಡು ಬೇಕು. ನೀವು ಏನ್ ಮಾಡೀರಿ, ಇರೋ ಜಿಡ್ಡು ತೊಳದು ಮ್ಯಾಲೆ ಸುಣ್ಣ ಹಾಕೀರಿ. ಸುಣ್ಣ ನೀರು ಹೀರ್ತದಲ್ರಿ?"

ಹೀರುತ್ತದೆ. ಹೀರಲಿ ಅಂತಲೇ ಹುಳಕ್ಕೆ ಉದುರಿಸುವುದು. ನಾನು ಅದುವರೆಗೂ ನನ್ನ ಕೈಯನ್ನು ದಿನಕ್ಕೆರಡು ಸಲ ನಾನೇ ಬೇಯಿಸಿ, ಮೇಲೆ ಒಣಗಲು ಹಾಕಿದ್ದೆ. ಅವಮಾನ ಆಗಬೇಕಿತ್ತು. ಆಗಲಿಲ್ಲ, ಒಳಗೇ ಇನ್ನೊಂದು ಲೆಕ್ಕ ಹಾಕಿದೆ. ನಾನು ಮಾಡಿದ್ದರಿಂದಲೇ ಹೆಚ್ಚಾಗಿದ್ದರೆ ನಾನು ಬಿಟ್ಟರೆ ಕಡಿಮೆ ಆಗಬೇಕಲ್ಲ.

"ಹುಳ ಮುಟ್ಟಬಹುದೇನ್ರಿ?" ಅಂತ ಕೇಳಿದೆ.

"ಹುಳದ ವಿಷಯ ನನಗ ಗೊತ್ತಿಲ್ರಿ, ಸುಳ್ಳು ಯಾಕ ಹೇಳ್ಲಿ. ಮನುಷ್ಯರನ್ನ ಮುಟ್ರಿ. ಏನೂ ಆಗಂಗಿಲ್ಲ."

ಪೂರ್ತಿ ವಾಸಿ ಆಗುತ್ತದಾ ಅಂತಲೂ ಕೇಳಿದೆ. ಇದು ಒಂದೇ ಸಲಕ್ಕೆ ಹೋಗಿಬಿಡುವ ನೆಂಟ ಅಲ್ಲ, ಬಂದು ಹೋಗಿ ಮಾಡುವ ನೆಂಟ, ಯಾವಾಗ ಯಾಕೆ ಬರುತ್ತಾನೆ ಅಂತ ನೀವೇ ಕಂಡುಹಿಡಿಯಬೇಕು ಅಂದರು. ದಿನಾ ಕೈಯ ಫೋಟೋ ತೆಗೆದು ಅವತ್ತು ಏನು ಮಾಡಿದೆ ಅಂತ ಎರಡು ಮಾತು ಹೇಳಿಟ್ಟುಕೊಳ್ಳಿ ಅಂದರು. ಫೋಟೋ ತೆಗೆದು ಮಾತಾಡುವ ಕೆಲಸ, ಅದನ್ನು ನನಗೆ ಹೇಳಿಕೊಡಬೇಕೇ?

ಮಾರನೆಯ ದಿನದಿಂದ ಶುರು. ಬಟ್ಟೆ ಒಗೆಯುವ ಸೋಪಿನಲ್ಲಿ ಕೈ ತೊಳೆಯುವುದನ್ನು ಬಿಟ್ಟೆ. ಸ್ನಾನಕ್ಕೆ ಹಬೆಯಾಡುವ ನೀರು ಹೋಗಿ ಉಗುರು ಬೆಚ್ಚಗಿನ ನೀರು ಬಂತು. ಉಗುರು ಚರ್ಮದ ಅಂಚಿಗೆ ಕತ್ತರಿಸಿದೆ. ಕೈ ಒದ್ದೆ ಆದಾಗೆಲ್ಲ ಉಜ್ಜದೆ ಒತ್ತಿ ಒರೆಸಿ, ಇನ್ನೂ ತೇವ ಇರುವಾಗಲೇ ವಾಸನೆಯಿಲ್ಲದ ದಪ್ಪ ಮುಲಾಮು. ಡಾಕ್ಟರಮ್ಮ ಕೊಟ್ಟ ಔಷಧಿ ಬೇರೆ, ಅವರು ಹೇಳಿದಷ್ಟೇ ದಿನ, ಹೇಳಿದ ಹಾಗೇ ಕಡಿಮೆ ಮಾಡುತ್ತಾ ನಿಲ್ಲಿಸಿದ್ದು. ತುರಿಕೆ ಬಂದರೆ ಕೆರೆಯುವ ಬದಲು ತಣ್ಣೀರಲ್ಲಿ ಹಿಂಡಿದ ಬಟ್ಟೆ ಸುತ್ತಿ ನೂರು ಎಣಿಸುವುದು. ಮೊದಲ ವಾರ ಎಂಬತ್ತಕ್ಕೇ ಕೆರೆದುಬಿಟ್ಟೆ, ಸುಳ್ಳು ಹೇಳುವುದಿಲ್ಲ.

ಒಂದು ಫಜೀತಿ ಉಳಿಯಿತು. ಮುಲಾಮು ಹಚ್ಚಿದ ಕೈಯಲ್ಲಿ ಜೀನ್ಸ್ ಮುಟ್ಟಿದರೆ ಜಿಡ್ಡಿನ ಕಲೆ. ಸೂಪರ್‌ವೈಸರ್ ಎರಡು ಪ್ಯಾಂಟು ಎತ್ತಿ ತೋರಿಸಿದ, "ಇದೇನ್ರಿ, ಮಿರ್ಚಿ ಭಜಿ ತಿಂದು ಹೊಲದ್ರೇನು?" ಅವತ್ತು ಮನೆಗೆ ಬಂದವಳೇ ಗಂಡನ ಹಳೆಯ ಪಂಚೆ ಹರಿದೆ. ತೊಳೆದು ತೊಳೆದು ಬೆಣ್ಣೆಯಾಗಿತ್ತು. ಕೈಯನ್ನು ಅದರ ಮೇಲೆ ಇಟ್ಟು ಸುತ್ತ ಪೆನ್ಸಿಲ್ಲಿನಲ್ಲಿ ಬರೆದು, ಕತ್ತರಿಸಿ, ಕೈಗವಸು ಹೊಲಿದೆ. ಮೊದಲ ಜೋಡಿ ಹಾಕಿಕೊಂಡರೆ ಒಳಗಿನ ಹೊಲಿಗೆ ಬೆರಳ ಸಂದಿಗೆ ಉಜ್ಜಿ ಸಂಜೆಗೆ ಕೆಂಪು. ತಲೆ ಚಚ್ಚಿಕೊಂಡೆ. ಇಪ್ಪತ್ತು ವರ್ಷದಿಂದ ಹೊಲಿಗೆಯನ್ನು ಒಳಗೆ ಬಚ್ಚಿಟ್ಟ ಕೈ, ಯೋಚಿಸದೆ ಅದನ್ನೇ ಮಾಡಿತ್ತು. ಎರಡನೇ ಜೋಡಿಯನ್ನು ತಿರುವುಮುರುವು ಮಾಡಿ, ಹೊಲಿಗೆ ಎಲ್ಲ ಹೊರಗೆ ಬರುವ ಹಾಗೆ ಹೊಲಿದೆ. ನೋಡಲು ಸತ್ತ ಬಾವಲಿ. ಹಾಕಿಕೊಂಡರೆ ಮಾತ್ರ ಏನೂ ಹಾಕಿಲ್ಲದಷ್ಟು ಹಿತ.

ಎರಡು ತಿಂಗಳ ಫೋಟೋಗಳನ್ನು ಒಂದು ಭಾನುವಾರ ಸಾಲಾಗಿ ನೋಡಿದೆ. ಜೀನ್ಸಿನ ಬಣ್ಣವೇ ಶತ್ರು ಅಂತ ನಂಬಿದ್ದೆ. ಅದರ ಪಾಲು ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕೈ ಕೆಂಪಾದ ದಿನಗಳ ಹಿಂದಿನ ದಿನ ನೋಡಿದರೆ, ಒಂದು ಸಲ ಪಾತ್ರೆ ರಾಶಿ ತೊಳೆದಿದ್ದೆ, ಒಂದು ಸಲ ಬೆಳ್ಳುಳ್ಳಿ ಸುಲಿದಿದ್ದೆ, ಒಂದು ಸಲ ಬಿಸಿಲಲ್ಲಿ ನಡೆದು ಬೆವರಿದ್ದೆ. ಸಿಕ್ಕಿಬಿದ್ದರು ಕಳ್ಳರು. ಗಂಡನನ್ನು ಕೂಗಿ, ಬೆಳ್ಳುಳ್ಳಿ ಇನ್ನು ನಿಮ್ಮ ಖಾತೆ ಅಂದೆ. ಅವರು ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿ, "ಈ ಸಣ್ಣ ಫೋನಿನ್ಯಾಗ ಬರೇ ಕೈನ ಐತಲ್ಲ, ನಿನ್ನ ಮುಖ ಒಂದೂ ಇಲ್ಲ," ಅಂದರು. ಬೆಳ್ಳುಳ್ಳಿ ಸುಲಿದರು ಮಾತ್ರ.

ಇಷ್ಟೆಲ್ಲ ಆದ ಮೇಲೆ ಬಂದದ್ದು ಆ ಫೋನು. ಬಾ, ನೋಡಾನ.

ಅದರಲ್ಲಿ 'ನೋಡಾನ' ಕೂಡ ಇದೆ ಅಂತ ನೆನಪಾಗಿದ್ದು ಬಸ್ಸಿನಲ್ಲಿ. ಕಲ್ಯಾಣದುರ್ಗದಲ್ಲಿ ಒಂದು ಬಸ್ಸು ಬದಲಿಸಿ, ಪಾವಗಡದಲ್ಲಿ ಇನ್ನೊಂದು ಹಿಡಿದು ಹೋಗುವಷ್ಟು ಹೊತ್ತೂ ಒಂದೇ ಯೋಚನೆ. ಬಾಗಿಲಲ್ಲಿ ಬೇಸಿನ್ ಇದೆ. ಕೈ ಅದ್ದಿದರೆ ಈ ಎರಡು ತಿಂಗಳ ಕೆಲಸ ಒಂದೇ ಮುಳುಗಿಗೆ ಹೋಗುತ್ತದೆ. ಅದ್ದದಿದ್ದರೆ ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಅವಳ ಕಾನೂನು ತಪ್ಪಲ್ಲ, ಅದು ಅಮ್ಮನ ಕಾನೂನೇ. ಮುಲಾಮಿನ ಜಿಡ್ಡು ಹುಳಕ್ಕೆ ತಾಗುವುದೂ ಸರಿಯಲ್ಲ. ಅದಕ್ಕೇ ಚೀಲದಲ್ಲಿ ಆರು ಜೋಡಿ ಪಂಚೆಯ ಕೈಗವಸು ಇಟ್ಟುಕೊಂಡಿದ್ದೆ, ಅದರ ಮೇಲೆ ಹಾಕಲು ಆಸ್ಪತ್ರೆಯವರು ಹಾಕುವ ತೆಳ್ಳನೆಯ ರಬ್ಬರಿನವು ಒಂದು ಕಟ್ಟು.

ಬೆಳಗ್ಗೆ ಹುಳದ ಮನೆಯ ಮುಂದೆ ಮುಯ್ಯಿಯವರು ಆಗಲೇ ಸೇರಿದ್ದರು. ಅವರೆದುರಿಗೇ ಮುಲಾಮು ಹಚ್ಚಿ, ಬಟ್ಟೆಯದು ಹಾಕಿ, ಅದರ ಮೇಲೆ ರಬ್ಬರಿನದು ಎಳೆದು, ಎರಡೂ ಕೈಯನ್ನು ಬೇಸಿನ್ನಿನಲ್ಲಿ ಅದ್ದಿದೆ.

ತಮ್ಮನ ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. "ನೀನು ಕೈ ಎಲ್ಲಿ ಅದ್ದಿದ್ಯಕ್ಕ? ಕವರ್ ಅದ್ದಿದೆ."

"ನಿನ್ ಹುಳುಕ್ಕೆ ತಾಗೋದೂ ಕವರ್ರೇ ಕಣೆ."

ಮುಯ್ಯಿಗೆ ಬಂದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. "ಸೂಜಿ ಚುಚ್ಚೋ ಡಾಕ್ಟ್ರಮ್ಮ ಬಂದವ್ಳೆ, ಹುಳೆಲ್ಲ ಸಾಲಾಗಿ ನಿಂತ್ಕಳಿ."

ತಮ್ಮನ ಹೆಂಡತಿ ನಗಲಿಲ್ಲ. ಈ ಬೆಳೆ ಅವಳದು. ಹಗಲೂ ಇರುಳೂ ಸೊಪ್ಪು ಹಾಕಿದವಳು ಅವಳು. ಅಮ್ಮನ ಕಡೆ ನೋಡಿದಳು. ಈ ಸಲ ಅಮ್ಮ ತಲೆ ಎತ್ತಿದಳು.

"ಒಂದು ತಟ್ಟೆ ಕೊಟ್ಟು ನೋಡವ್ವ," ಅಂದಳು ಅಮ್ಮ. "ಹುಳ ನಲುಗಿದ್ರೆ ನಾನೇ ಎಬ್ಬಿಸ್ತೀನಿ."

ಒಂದು ತಟ್ಟೆ ಬಂತು. ಬಾಗಿಲ ಪಕ್ಕ, ಎಲ್ಲರಿಂದ ದೂರ ಕೂರಿಸಿದರು. ತಮ್ಮನ ಹೆಂಡತಿ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ತಟ್ಟೆಯ ತುಂಬ ಹುಳ, ಅರ್ಧ ಹಣ್ಣಾದವು, ಅರ್ಧ ಇನ್ನೂ ತಿನ್ನುತ್ತಿರುವವು, ಸೊಪ್ಪಿನ ಮೇಲೆ ಸೋನೆಮಳೆ ಬಿದ್ದ ಸದ್ದು. ಒಂದನ್ನು ಹಿಡಿದೆ, ಜಾರಿತು. ಎರಡು ಪದರದ ಬೆರಳು ನನ್ನದಲ್ಲವೇ ಅಲ್ಲ. ಇನ್ನೊಂದು ಹಿಡಿದರೆ ಅದು ಕಾಲುಗಳಿಂದ ಎಲೆ ಕಚ್ಚಿಕೊಂಡಿದೆ, ಎಷ್ಟು ಎಳೆಯಬೇಕು ಅಂತ ಬೆರಳಿಗೆ ಗೊತ್ತಾಗುತ್ತಿಲ್ಲ. ಬೆವರು ಹಣೆಯಲ್ಲಿ ಬಂತು. ಎದುರಿನ ಎರಡು ಕಣ್ಣು ನನ್ನ ಬೆರಳು ಬಿಟ್ಟು ಕದಲುತ್ತಿಲ್ಲ.

ಹಿಡಿಯುವುದನ್ನು ಬಿಟ್ಟೆ. ಹಣ್ಣಾದ ಹುಳ ತಾನಾಗಿ ತಲೆ ಎತ್ತಿ ಹುಡುಕುತ್ತಿರುತ್ತದಲ್ಲ, ಅದರ ಮುಂದೆ ಬೆರಳು ಚಾಚಿದೆ. ಅದು ಮುಂಗಾಲು ಊರಿತು. ಹಿಂದಿನಿಂದ ಇನ್ನೊಂದು ಬೆರಳು ಕೊಟ್ಟು ಎತ್ತಿದೆ. ಬಂತು. ನಲುಗದೆ, ಉದ್ದಕ್ಕೆ, ತಣ್ಣಗೆ ಬಂತು. ಇನ್ನೊಂದು. ಮತ್ತೊಂದು. ಹತ್ತನೆಯದಕ್ಕೆ ಕೈಗೆ ಲಯ ಸಿಕ್ಕಿತು. ಐವತ್ತಕ್ಕೆ ಬಾಯಿ ತಾನಾಗಿ ತೆರೆದುಕೊಂಡಿತು, "ಅಲ್ಲ ಕಣಜ್ಜಿ, ನಿನ್ನ ಮೊಮ್ಮಗಳ ಮದುವೆ ವಿಷಯ ಎಲ್ಲಿಗೆ ಬಂತು?" ಅಂದುಬಿಟ್ಟೆ. ಅಜ್ಜಿ ಅಲ್ಲಿಂದಲೇ ಶುರು ಮಾಡಿದಳು.

ತಮ್ಮನ ಹೆಂಡತಿ ಚಂದ್ರಂಕಿಯ ಮೇಲಿನ ನನ್ನ ಹುಳಗಳನ್ನು ಬಗ್ಗಿ ಒಂದೊಂದಾಗಿ ನೋಡಿದಳು. ಎದ್ದು ಹೋಗಿ ಎರಡನೇ ತಟ್ಟೆ ತಂದು ಸಾಲಿನ ಮೊದಲ ಜಾಗದಲ್ಲಿ ಇಟ್ಟಳು. ನಾನು ಕೂತ ಜಾಗದಿಂದ ಜಾರಿಕೊಂಡೇ ಅಲ್ಲಿಗೆ ಹೋದೆ. ಎದ್ದರೆ ಎಲ್ಲಿ ಅವಳ ಮನಸ್ಸು ಬದಲಾಗುತ್ತದೋ ಅಂತ.

ಅಲ್ಲಿಗೆ ಮುಗಿಯಲಿಲ್ಲ. ಹುಳದ ಮನೆ ಬೆಚ್ಚಗಿರುತ್ತದೆ. ಸ್ವಲ್ಪ ಹೊತ್ತಿಗೆ ರಬ್ಬರಿನೊಳಗೆ ಬೆವರು, ಬೆವರಿನ ಹಿಂದೆ ತುರಿಕೆ. ಉಂಗುರದ ಬೆರಳ ಬುಡದಲ್ಲಿ ಶುರುವಾಗಿ ಅಂಗೈಗೆ ಹರಿಯಿತು. ಈ ಸಲ ಎಣಿಕೆ ಕೆಲಸ ಮಾಡಲಿಲ್ಲ. ಇನ್ನೊಂದು ಕ್ಷಣ ಕೂತರೆ ಎಲ್ಲರೆದುರು ಕೈಗೆ ಕೈ ಉಜ್ಜುತ್ತೇನೆ, ಅವಳು ನೋಡುತ್ತಾಳೆ, ಮುಗಿಯಿತು. ಡಾಕ್ಟರಮ್ಮ ಹೇಳಿದ್ದರು, ರಬ್ಬರು ಹಾಕಿ ಬಹಳ ಹೊತ್ತು ಕೂರಬೇಡಿ ಅಂತ. ಎದ್ದೆ.

"ಎಲ್ಲಿಗಕ್ಕ? ಈಗ್ಲೇ ಸುಸ್ತಾ?"

"ಕೈಗೆ ಗಾಳಿ ಕುಡಿಸ್ಕಂಬತ್ತೀನಿ."

ಹೊರಗೆ ಬಂದು ಎರಡೂ ಪದರ ಕಿತ್ತೆ. ಬಾನಿಯ ತಣ್ಣೀರಿನಲ್ಲಿ ಕೈ ಇಳಿಸಿದೆ. ಸ್ವರ್ಗ. ಒತ್ತಿ ಒರೆಸಿ, ಮುಲಾಮು ಹಚ್ಚಿ, ಹೊಸ ಜೋಡಿ ಹಾಕಿ, ಬೇಸಿನ್ನಿನಲ್ಲಿ ಅದ್ದಿ ಒಳಗೆ. ಹೀಗೆ ಮಧ್ಯಾಹ್ನದೊಳಗೆ ನಾಲ್ಕು ಸಲ. ಮೂರನೇ ಸಲ ಅಜ್ಜಿ ನನಗಿಂತ ಮೊದಲೇ ಕೂಗಿದಳು, "ಡಾಕ್ಟ್ರಮ್ಮಂಗೆ ದಾರಿ ಬಿಡ್ರವ್ವ." ನಾಲ್ಕನೇ ಸಲ ಕೈಗವಸು ಒಗೆದು ತಂತಿಯ ಮೇಲೆ ಅಮ್ಮನೇ ಹರವಿಟ್ಟಿದ್ದಳು.

ಊಟಕ್ಕೆ ಕೂತಾಗ ತಮ್ಮನ ಹೆಂಡತಿ ನನ್ನ ಪಕ್ಕ ಬಂದು ಕೂತಳು. ಬರಿಗೈ ನೋಡಿದಳು. ಉಂಗುರದ ಬೆರಳ ಹತ್ತಿರ ಸ್ವಲ್ಪ ಕೆಂಪಿತ್ತು, ಬಿರುಕಿರಲಿಲ್ಲ. ಆಮೇಲೆ ಯಾರಿಗೂ ಕಾಣದ ಹಾಗೆ ತನ್ನ ಬಲಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟಳು. ಬೆರಳ ತುದಿಗಳೆಲ್ಲ ಒಣಗಿ ಸಿಪ್ಪೆ ಎದ್ದಿದ್ದವು, ಹೆಬ್ಬೆರಳ ಪಕ್ಕ ಸಣ್ಣ ಸೀಳು.

"ಎಷ್ಟು ದಿನ ಆಯ್ತೆ?"

"ಹುಳ ಇರೋವಾಗೆಲ್ಲ ಹಿಂಗೇ. ದಿನಕ್ಕೆ ಹತ್ಸಲ ಅದ್ದಿದ್ರೆ ಎಲ್ಲಾರ್ಗೂ ಆಗ್ತೈತೆ ಅಂದ್ಕಂಡಿದ್ದೆ."

"ಡಾಕ್ಟ್ರಿಗೆ ತೋರ್ಸು. ನಂದೇ ಬೇರೆ ಇರ್ಬೋದು, ನಿಂದೇ ಬೇರೆ ಇರ್ಬೋದು. ನನ್ ಔಷಧಿ ಮಾತ್ರ ಮುಟ್ಟಬ್ಯಾಡ, ನಾನು ಹಂಗೆ ಮಾಡೇ ಕೆಟ್ಟಿದ್ದು."

"ಆ ಬಾವ್ಲಿ ಕೈ ಒಂದ್ ಜೊತೆ ಹೊಲ್ಕೊಡು," ಅಂದಳು. "ನನ್ ಕೈ ಚಿಕ್ಕದು, ಅಳತೆ ತಗಂಡು ಹೊಲಿ."

ಅವತ್ತು ಅವಳು ನನ್ನ ಹತ್ತಿರ ಕ್ಷಮೆ ಕೇಳುತ್ತಾಳೆ ಅಂತ ನಾನು ಸ್ವಲ್ಪ ಕಾದದ್ದು ನಿಜ. ಕೇಳಲಿಲ್ಲ. ಅನ್ನ ತಿಂದು ಎದ್ದು ಹೋಗಿ ಬಾಗಿಲಲ್ಲಿ ನಿಂತಳು, ಒಬ್ಬೊಬ್ಬರ ಕೈ ಅದ್ದಿಸಿ ಒಳಗೆ ಬಿಟ್ಟಳು. ನನ್ನದನ್ನು ಎರಡು ಸಲ ಅದ್ದಿಸಿದಳು.

ಮಧ್ಯಾಹ್ನದ ಮೇಲೆ ಹುಳ ನುಗ್ಗಿ ಹಣ್ಣಾದವು. ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ತಟ್ಟೆ ಬರುತ್ತಿದೆ, ಚಂದ್ರಂಕಿ ತುಂಬುತ್ತಿದೆ, ತಮ್ಮ ಹೊತ್ತು ಹೋಗಿ ಹೊರಗೆ ನಿಲ್ಲಿಸುತ್ತಿದ್ದಾನೆ. ಅಜ್ಜಿಯ ಮೊಮ್ಮಗಳ ಮದುವೆ ಮುರಿದು ಕೂಡಿ ಮತ್ತೆ ಮುರಿಯುವ ಹಂತಕ್ಕೆ ಬಂದಿತ್ತು. ನಾನು ಕತ್ತು ಆ ಕಡೆ ತಿರುಗಿಸಿ ಕೇಳುತ್ತಾ, ಕೈ ತನ್ನಷ್ಟಕ್ಕೆ ಆಯಲು ಬಿಟ್ಟಿದ್ದೆ.

"ಅಕ್ಕ."

ತಮ್ಮನ ಹೆಂಡತಿ ನನ್ನ ಚಂದ್ರಂಕಿಯ ಮುಂದೆ ನಿಂತಿದ್ದಳು. ಎಲ್ಲರೂ ತಿರುಗಿ ನೋಡಿದರು. ರಬ್ಬರು ಹರಿದಿದೆಯಾ ಅಂತ ಬೆರಳು ನೋಡಿಕೊಂಡೆ. ಅವಳು ಎರಡು ಹುಳ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದಳು. ದಪ್ಪಗೆ, ಬಿಳಿಚಿಕೊಂಡು, ಇನ್ನೂ ಎಲೆ ಹುಡುಕುತ್ತಿರುವ ಹುಳಗಳು.

"ಇವು ಹಣ್ಣಾಗಿರವಾ? ಇನ್ನೂ ಒಂದೊತ್ತು ಸೊಪ್ಪು ತಿನ್ನೋ ಹುಳಾನ ಗೂಡು ಕಟ್ಟು ಅಂತ ಬಿಟ್ಟಿದ್ಯಲ್ಲ. ಮಾತಾಡೋಳು ಮಾತಾಡು, ಕಣ್ಣು ತಟ್ಟೆ ಮ್ಯಾಲೆ ಇರ್ಲಿ. ಅಮ್ಮ ಹಿಂಗೆ ಆಯ್ತಿದ್ರಾ?"

ಕೈಯ ಬಗ್ಗೆ ಒಂದು ಮಾತೂ ಇಲ್ಲ. ಸಾಲಿನಲ್ಲಿ ಕೂತ ಯಾರನ್ನಾದರೂ ಬೈಯುವ ಹಾಗೆ, ಕೆಲಸ ಕೆಡಿಸಿದವಳನ್ನು ಬೈಯುವ ಹಾಗೆ, ಗಟ್ಟಿಯಾಗಿ, ಎಲ್ಲರೆದುರು ಬೈದಳು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಮುಖದ ತುಂಬ ನಗು ಬಂದುಬಿಟ್ಟಿತು, ತಡೆದುಕೊಳ್ಳಲು ಆಗಲಿಲ್ಲ.

"ಬೈದ್ರೆ ನಗ್ತೀಯಲ್ಲಕ್ಕ, ಏನಾಗೈತೆ ನಿಂಗೆ?"

"ಏನಿಲ್ಲ ಕಣೆ," ಅಂದೆ. "ಕೊಡು ಇತ್ಲಾಗೆ."

ಆ ಎರಡು ಹುಳಗಳನ್ನು ಅವಳ ಕೈಯಿಂದ ನನ್ನ ಕೈಗೆ ಇಳಿಸಿಕೊಂಡು, ತಟ್ಟೆ ಒಳಗಿನ ಹೊಸ ಎಲೆಯ ಮೇಲೆ ಮೆಲ್ಲಗೆ ಬಿಟ್ಟೆ.